ಸೂಪರ್ ನಿಂಟೆಂಡೋದ ಮೌಸ್ ಟಿವಿಗೆ ಏನು ಹೇಳುತ್ತದೆ?

ಹಳೇ ವಿಡಿಯೋ ಗೇಮ್ ಕನ್ಸೋಲ್ ಇಟ್ಟುಕೊಂಡವರ ಕೈಗೆ ಅದರ ಮೌಸ್ ಸಿಕ್ಕಾಗ ಮೊದಲು ಬರುವ ಅನುಮಾನ ಒಂದೇ: ಇದು ಕೆಟ್ಟಿದೆಯಾ? ಗೇಮ್ ಆಡುವ ರಿಮೋಟ್ (ಕಂಟ್ರೋಲರ್) ಹಾಕುವ ಜಾಗದಲ್ಲೇ ಅದೂ ಕೂರುತ್ತದೆ. ಪ್ಲಗ್ಗೂ ಅದೇ. ಆದರೆ ಮನೆಯಲ್ಲಿರುವ ಯಾವುದೋ ಕ್ಯಾಸೆಟ್ ಹಾಕಿ ಮೌಸ್ ಅಲ್ಲಾಡಿಸಿದರೆ ಪರದೆ ಮೇಲೆ ಏನೂ ಆಗುವುದಿಲ್ಲ. ಬಟನ್ ಒತ್ತಿದರೆ ಒಂದೊಂದು ಸಲ ಏನೋ ಆಗುತ್ತದೆ, ಒಂದೊಂದು ಸಲ ಅದೂ ಇಲ್ಲ. ಹೆಚ್ಚಿನ ಸಲ ಮೌಸ್ ಸರಿಯಾಗಿಯೇ ಇರುತ್ತದೆ. ಅದರ ಮಾತು ಅರ್ಥವಾಗುವಂತೆ ಆ ಗೇಮ್ ಅನ್ನು ಬರೆದಿರುವುದಿಲ್ಲ, ಅಷ್ಟೇ.

ಆ ಮಾತು ಏನು ಅಂತ ಒಂದು ಸಲ ಗೊತ್ತಾದರೆ ಮಿಕ್ಕ ಪ್ರಶ್ನೆಗಳಿಗೆಲ್ಲ ಉತ್ತರ ತಾನಾಗಿಯೇ ಸಿಗುತ್ತದೆ. ಯಾವ ಗೇಮ್‌ನಲ್ಲಿ ನಡೆಯುತ್ತದೆ, ಕಂಪ್ಯೂಟರಿನ ಮೌಸ್ ಯಾಕೆ ನೇರವಾಗಿ ನಡೆಯುವುದಿಲ್ಲ, ಹೊಸ ಟಿವಿಯಲ್ಲಿ ತೊಂದರೆ ಇದೆಯಾ, ರಿಪೇರಿ ಎಲ್ಲಿಂದ ಶುರು ಮಾಡಬೇಕು, ಎಲ್ಲವೂ. ಅದಕ್ಕೇ ಇಲ್ಲಿ ಒಂದೇ ಮೌಸ್ ತೆಗೆದುಕೊಂಡು ಬಿಚ್ಚಿ ನೋಡೋಣ. ಅದು ನಿಂಟೆಂಡೋದ ಸೂಪರ್ ಫ್ಯಾಮಿಕಾಮ್‌ಗೆ, ಅಂದರೆ ಅಮೆರಿಕ, ಯುರೋಪಿನಲ್ಲಿ ಸೂಪರ್ ನಿಂಟೆಂಡೋ ಎನ್ನುವ ಕನ್ಸೋಲ್‌ಗೆ ಬಂದ ಮೌಸ್.

ಕನ್ಸೋಲ್ ಜಪಾನಿನಲ್ಲಿ ಬಂದದ್ದು 1990ರ ನವೆಂಬರ್‌ನಲ್ಲಿ. ಮೌಸ್ ಬಂದದ್ದು 1992ರ ಜುಲೈ 14ರಂದು, 'ಮಾರಿಯೋ ಪೇಂಟ್' ಕ್ಯಾಸೆಟ್ ಜೊತೆ ಒಂದೇ ಪೆಟ್ಟಿಗೆಯಲ್ಲಿ. ಎರಡು ಬಟನ್, ಕೆಳಗೆ ಒಂದು ರಬ್ಬರ್ ಚೆಂಡು, ಜೊತೆಗೆ ಗಟ್ಟಿ ಪ್ಲಾಸ್ಟಿಕ್ಕಿನ ಪ್ಯಾಡ್. ಪ್ಯಾಡ್ ಕೊಟ್ಟದ್ದಕ್ಕೆ ಕಾರಣವಿತ್ತು. ಟಿವಿ ಗೇಮ್ ಆಡುವವರು ಮೇಜಿನ ಮುಂದೆ ಕೂರುವುದಿಲ್ಲ. ನೆಲದ ಮೇಲೋ, ಸೋಫಾ ಮೇಲೋ ಕೂರುತ್ತಾರೆ. ಗಟ್ಟಿ ಹಲಗೆ ಇದ್ದರೆ ತೊಡೆ ಮೇಲೆ ಇಟ್ಟುಕೊಂಡರೂ ಚೆಂಡು ಸರಿಯಾಗಿ ಉರುಳುತ್ತದೆ.

ಅದರ ಮುಂದೆ ಕೂತ ಮಗು ಮಾಡುತ್ತಿದ್ದದ್ದೇನು? ಟಿವಿ ಪರದೆ ಮೇಲೆ ಚಿತ್ರ ಬರೆಯುವುದು. ಸಣ್ಣ ಆನಿಮೇಷನ್ ಮಾಡುವುದು. ಸ್ವರಪಟ್ಟಿ ಮೇಲೆ ಮಾರಿಯೋ ತಲೆ, ಅಣಬೆ, ನಕ್ಷತ್ರಗಳನ್ನು ಅಂಟಿಸಿ ಹಾಡು ಕಟ್ಟುವುದು. ಬೇಸರವಾದರೆ ಸೊಳ್ಳೆ, ನೊಣ ಹೊಡೆಯುವ ಒಂದು ಪುಟ್ಟ ಆಟ. ಮನೆಗೆ ಕಂಪ್ಯೂಟರ್ ತರುವ ಶಕ್ತಿ ಇಲ್ಲದ ಎಷ್ಟೋ ಮಕ್ಕಳಿಗೆ ಕೈಯಿಂದ ಏನನ್ನಾದರೂ ಸೃಷ್ಟಿ ಮಾಡುವ ಯಂತ್ರವಾಗಿ ಟಿವಿ ಮಾರ್ಪಟ್ಟದ್ದು ಈ ಮೌಸ್‌ನಿಂದ. ಗೇಮ್‌ಗಳ ಇತಿಹಾಸದಲ್ಲಿ ಇದಕ್ಕೆ ಸಿಗಬೇಕಾದಷ್ಟು ಗೌರವ ಸಿಕ್ಕಿಲ್ಲ ಎಂಬುದು ನನ್ನ ಅಭಿಪ್ರಾಯ.

ಮೌಸ್‌ನ ಹೊಟ್ಟೆಯೊಳಗೆ

1990ರ ದಶಕದ ಕೊನೆಯಲ್ಲಿ, 2000ದ ಆಸುಪಾಸಿನಲ್ಲಿ ನಮ್ಮ ಶಾಲೆಗಳ ಕಂಪ್ಯೂಟರ್ ಲ್ಯಾಬಿನಲ್ಲೋ ಸೈಬರ್ ಕೆಫೆಯಲ್ಲೋ ಕೂತವರಿಗೆ ಚೆಂಡಿನ ಮೌಸ್ ಗೊತ್ತೇ ಇದೆ. ಕರ್ಸರ್ ತಡವರಿಸಿದರೆ ಮೌಸ್ ಮಗುಚಿ, ಬಿಲ್ಲೆ ತಿರುಗಿಸಿ, ಚೆಂಡು ತೆಗೆದು, ಒಳಗೆ ಅಂಟಿದ ಕರಿ ಕೊಳೆಯನ್ನು ಉಗುರಿನಿಂದ ಕೆರೆಯುತ್ತಿದ್ದೆವು. ಇದೂ ಅದೇ ಜಾತಿ.

ಚೆಂಡಿಗೆ ತಾಗಿಕೊಂಡು ಎರಡು ಸಣ್ಣ ರೋಲರ್ ಇರುತ್ತವೆ. ಒಂದು ಎಡ-ಬಲದ ಚಲನೆಗೆ ತಿರುಗುತ್ತದೆ, ಇನ್ನೊಂದು ಮೇಲೆ-ಕೆಳಗಿನ ಚಲನೆಗೆ. ಪ್ರತಿ ರೋಲರ್ ತುದಿಯಲ್ಲಿ ಸೀಳುಗಳಿರುವ ಒಂದು ಪುಟ್ಟ ಚಕ್ರ. ಚಕ್ರದ ಒಂದು ಪಕ್ಕ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಸೂಸುವ ಎಲ್‌ಇಡಿ, ಇನ್ನೊಂದು ಪಕ್ಕ ಆ ಬೆಳಕನ್ನು ಹಿಡಿಯುವ ಸೆನ್ಸರ್. ಚಕ್ರ ತಿರುಗಿದಂತೆ ಬೆಳಕು ಬರುತ್ತದೆ, ನಿಲ್ಲುತ್ತದೆ, ಬರುತ್ತದೆ, ನಿಲ್ಲುತ್ತದೆ. ಎಷ್ಟು ಸಲ ಬಂತು ಎಂದು ಎಣಿಸಿದರೆ ಎಷ್ಟು ದೂರ ಹೋಯಿತು ಎಂದು ಸಿಕ್ಕಿತು.

ಆದರೆ ಯಾವ ಕಡೆಗೆ? ಬೆಳಕಿನ ಎಣಿಕೆಯಿಂದ ಮಾತ್ರ ಅದು ತಿಳಿಯುವುದಿಲ್ಲ. ಅದಕ್ಕೇ ಪ್ರತಿ ಚಕ್ರಕ್ಕೂ ಎರಡು ಸೆನ್ಸರ್ ಇಡುತ್ತಾರೆ, ಒಂದಕ್ಕೊಂದು ಸ್ವಲ್ಪ ಸರಿಸಿ. ಚಕ್ರ ಒಂದು ಕಡೆಗೆ ತಿರುಗಿದರೆ ಮೊದಲು 'ಅ' ಸೆನ್ಸರ್‌ಗೆ ಬೆಳಕು ಬಿದ್ದು ಆಮೇಲೆ 'ಆ' ಸೆನ್ಸರ್‌ಗೆ ಬೀಳುತ್ತದೆ. ಇನ್ನೊಂದು ಕಡೆಗೆ ತಿರುಗಿದರೆ ಕ್ರಮ ಉಲ್ಟಾ. ಯಾವುದು ಮೊದಲು ಎಂದು ನೋಡಿದರೆ ಸಾಕು, ದಿಕ್ಕು ಗೊತ್ತಾಯಿತು.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ತಾನು ಎಲ್ಲಿದ್ದೇನೆ ಎಂದು ಮೌಸ್‌ಗೆ ಗೊತ್ತಿಲ್ಲ. ಪ್ಯಾಡಿನ ಎಡ ಮೂಲೆಯಲ್ಲಿದೆಯೋ ಬಲ ಮೂಲೆಯಲ್ಲಿದೆಯೋ, ಅದಕ್ಕೆ ಅದರ ಪರಿವೆಯೇ ಇಲ್ಲ. ಕಣ್ಣು ಕಟ್ಟಿದವರಿಗೆ ಪಕ್ಕದಲ್ಲಿದ್ದವರು 'ಬಲಕ್ಕೆ ಐದು ಹೆಜ್ಜೆ, ಮುಂದಕ್ಕೆ ಮೂರು ಹೆಜ್ಜೆ' ಎಂದು ಹೇಳುತ್ತಾರಲ್ಲ, ಮೌಸ್ ಹೇಳುವುದೂ ಅಷ್ಟೇ: ನೀನು ಹಿಂದಿನ ಸಲ ಕೇಳಿದ ಮೇಲೆ ನಾನು ಇಷ್ಟು ಸರಿದೆ. ಎಲ್ಲಿಗೆ ಬಂದು ನಿಂತಂತಾಯಿತು ಎಂಬ ಲೆಕ್ಕ ಇಡುವುದು ಗೇಮ್‌ನ ಕೆಲಸ. ಸೂಪರ್ ನಿಂಟೆಂಡೋದ ಸಾಮಾನ್ಯ ಪರದೆ 256 ಚುಕ್ಕಿ ಅಗಲ, 224 ಚುಕ್ಕಿ ಎತ್ತರ. ಕರ್ಸರ್ 250ನೇ ಚುಕ್ಕಿಯಲ್ಲಿದ್ದು ಮೌಸ್ 'ಬಲಕ್ಕೆ 20' ಅಂದರೆ ಗೇಮ್ ಅದನ್ನು 255ಕ್ಕೇ ನಿಲ್ಲಿಸಬೇಕು. ಮಿಕ್ಕ 15 ಮರೆತುಹೋಗುತ್ತದೆ. ಅದಕ್ಕೇ ಕರ್ಸರ್ ಅಂಚಿಗೆ ತಗುಲಿ ನಿಂತ ಮೇಲೂ ನೀವು ಎಷ್ಟು ಬೇಕಾದರೂ ತಳ್ಳಬಹುದು. ತಿರುಗಿ ಎಡಕ್ಕೆ ಎಳೆದ ಕೂಡಲೇ ಅದು ಹಿಂಬಾಲಿಸುತ್ತದೆ. ಮೌಸ್ ಎತ್ತಿ ಬೇರೆ ಕಡೆ ಇಟ್ಟರೂ ಕರ್ಸರ್ ಕದಲುವುದಿಲ್ಲ.

ಕನ್ಸೋಲ್ ಕೇಳುತ್ತದೆ, ಮೌಸ್ ಹೇಳುತ್ತದೆ

ಈಗ ಕೇಬಲ್‌ಗೆ ಬರೋಣ. ಸೂಪರ್ ನಿಂಟೆಂಡೋದ ರಿಮೋಟ್ ಪೋರ್ಟ್‌ನಲ್ಲಿ ಏಳು ಪಿನ್ ಇವೆ. ಮೌಸ್‌ಗೆ ಬೇಕಾದದ್ದು ಐದೇ: 5 ವೋಲ್ಟ್ ಕರೆಂಟ್, ಗ್ರೌಂಡ್, ಲ್ಯಾಚ್, ಕ್ಲಾಕ್, ಡೇಟಾ. ರಿಮೋಟ್‌ಗೂ ಇದೇ ಐದು. ಎರಡರ ಪ್ಲಗ್ ಒಂದೇ ಆಗಿರುವುದಕ್ಕೆ ಇದೇ ಕಾರಣ.

ರಿಮೋಟ್ ಹೇಗೆ ಕೆಲಸ ಮಾಡುತ್ತದೆ ಎಂದು ಮೊದಲು ನೋಡಿದರೆ ಮೌಸ್ ಸುಲಭವಾಗುತ್ತದೆ. ಕನ್ಸೋಲ್ ಲ್ಯಾಚ್ ತಂತಿಯ ಮೇಲೆ ಒಂದು ಪಲ್ಸ್, ಅಂದರೆ ಕ್ಷಣ ಮಾತ್ರದ ವಿದ್ಯುತ್ ಮಿಡಿತ, ಕಳಿಸುತ್ತದೆ. 'ಈ ಕ್ಷಣ ಯಾವ ಬಟನ್ ಒತ್ತಿದೆ, ಗುರುತು ಹಾಕಿಕೋ' ಎಂದು ಅದರ ಅರ್ಥ. ರಿಮೋಟ್ ಗುರುತು ಹಾಕಿಕೊಳ್ಳುತ್ತದೆ. ಆಮೇಲೆ ಕನ್ಸೋಲ್ ಕ್ಲಾಕ್ ತಂತಿಯ ಮೇಲೆ ಒಂದೊಂದೇ ಪಲ್ಸ್ ಕೊಡುತ್ತಾ ಹೋಗುತ್ತದೆ. ಪ್ರತಿ ಪಲ್ಸ್‌ಗೆ ರಿಮೋಟ್ ಡೇಟಾ ತಂತಿಯಲ್ಲಿ ಒಂದೊಂದು ಬಿಟ್ ಬಿಡುತ್ತದೆ. ಒತ್ತಿದ್ದರೆ 1, ಇಲ್ಲದಿದ್ದರೆ 0 ಎಂದು ಗೇಮ್ ಅದನ್ನು ಓದುತ್ತದೆ. ಕ್ರಮ ಯಾವಾಗಲೂ ಒಂದೇ: ಬಿ, ವೈ, ಸೆಲೆಕ್ಟ್, ಸ್ಟಾರ್ಟ್, ಮೇಲೆ, ಕೆಳಗೆ, ಎಡ, ಬಲ, ಎ, ಎಕ್ಸ್, ಎಲ್, ಆರ್. ಹನ್ನೆರಡು ಬಟನ್, ಹನ್ನೆರಡು ಬಿಟ್. ಕೊನೆಗೆ ನಾಲ್ಕು ಸೊನ್ನೆ. ಒಟ್ಟು 16.

ಆ ಕೊನೆಯ ನಾಲ್ಕು ಬಿಟ್ ಸುಮ್ನೆ ಇಟ್ಟದ್ದಲ್ಲ. ಪೋರ್ಟ್‌ಗೆ ಸಿಕ್ಕಿಸಿದ ವಸ್ತು ಯಾವುದು ಎಂದು ಹೇಳುವ ಗುರುತು ಅದು. 0000 ಅಂದರೆ ಮಾಮೂಲಿ ರಿಮೋಟ್. 0001 ಅಂದರೆ ಮೌಸ್.

ಮೌಸ್ ಕಳಿಸುವುದು 16 ಅಲ್ಲ, 32 ಬಿಟ್. ಒಂದು ಉದಾಹರಣೆ ಇಟ್ಟುಕೊಂಡು ಓದೋಣ:

00000000 01010001 10000011 00000101

ಮೊದಲ ಎಂಟು ಬಿಟ್ ಯಾವಾಗಲೂ ಸೊನ್ನೆ. ಅವುಗಳಿಂದ ನಮಗೇನೂ ಇಲ್ಲ. ಎರಡನೇ ಗುಂಪು ನೋಡಿ. ಮೊದಲ ಬಿಟ್ ಬಲ ಬಟನ್, ಇಲ್ಲಿ 0, ಅಂದರೆ ಒತ್ತಿಲ್ಲ. ಎರಡನೆಯದು ಎಡ ಬಟನ್, 1, ಒತ್ತಿದೆ. ಮುಂದಿನ ಎರಡು ಬಿಟ್ ಮೌಸ್‌ನ ವೇಗದ ಮಟ್ಟ. 00 ಅಂದರೆ ನಿಧಾನ, 01 ಮಧ್ಯಮ, 10 ಜೋರು. ಇಲ್ಲಿ ಮಧ್ಯಮ. ಕೊನೆಯ ನಾಲ್ಕು 0001, ಆಗಲೇ ಹೇಳಿದ ಗುರುತು. ಮೂರನೇ ಗುಂಪಿನಲ್ಲಿ ಮೊದಲ ಬಿಟ್ ದಿಕ್ಕು: 1 ಅಂದರೆ ಮೇಲಕ್ಕೆ, 0 ಅಂದರೆ ಕೆಳಕ್ಕೆ. ಮಿಕ್ಕ ಏಳು ಬಿಟ್ ದೂರ: 0000011, ಅಂದರೆ ಬೈನರಿ ಲೆಕ್ಕದಲ್ಲಿ 2 + 1 = 3. ನಾಲ್ಕನೇ ಗುಂಪು ಇದೇ ಥರ ಅಡ್ಡ ಚಲನೆಗೆ. 1 ಇದ್ದರೆ ಎಡಕ್ಕೆ, 0 ಇದ್ದರೆ ಬಲಕ್ಕೆ. ದೂರ 0000101, ಅಂದರೆ 5.

ಒಟ್ಟಿಗೆ ಓದಿದರೆ: ಎಡ ಬಟನ್ ಒತ್ತಿ ಹಿಡಿದಿದ್ದಾರೆ, ಹಿಂದಿನ ಸಲ ಕೇಳಿದ ಮೇಲೆ ಮೌಸ್ ಮೇಲಕ್ಕೆ 3, ಬಲಕ್ಕೆ 5 ಸರಿದಿದೆ. ಮಾರಿಯೋ ಪೇಂಟ್‌ನಲ್ಲಿ ಪೆನ್ಸಿಲ್ ಹಿಡಿದು ಓರೆ ಗೆರೆ ಎಳೆಯುವಾಗ ಕೇಬಲ್‌ನಲ್ಲಿ ಹರಿಯುವುದು ಇಂಥದ್ದೇ ಸಾಲುಗಳು, ಒಂದರ ಹಿಂದೆ ಒಂದು. ಜಪಾನ್, ಅಮೆರಿಕದ ಕನ್ಸೋಲ್‌ನಲ್ಲಿ ಪರದೆ ಸೆಕೆಂಡಿಗೆ ಸುಮಾರು 60 ಸಲ ಬದಲಾಗುತ್ತದೆ, ಮೌಸ್ ಓದುವುದೂ ಸಾಮಾನ್ಯವಾಗಿ ಅಷ್ಟೇ ಸಲ. ಯುರೋಪಿನದರಲ್ಲಿ 50.

ಇನ್ನೂ ಒಂದು ಚಮತ್ಕಾರ ಇದೆ. ಮೌಸ್‌ನ ವೇಗ ಬದಲಿಸಬೇಕಾದರೆ ಕನ್ಸೋಲ್ ಅದಕ್ಕೆ ಹೇಗೆ ಹೇಳುತ್ತದೆ? ಡೇಟಾ ತಂತಿ ಮೌಸ್‌ನಿಂದ ಕನ್ಸೋಲ್ ಕಡೆಗೆ ಮಾತ್ರ ಹರಿಯುತ್ತದೆ, ಆ ಕಡೆಗೆ ಮಾತಾಡಲು ಬೇರೆ ತಂತಿಯೇ ಇಲ್ಲ. ಎಂಜಿನಿಯರ್‌ಗಳು ಇರುವ ತಂತಿಗಳಲ್ಲೇ ದಾರಿ ಮಾಡಿಕೊಂಡರು. ಮಾಮೂಲಿಯಾಗಿ ಲ್ಯಾಚ್ ಪಲ್ಸ್ ಮುಗಿದ ಮೇಲೆ ಕ್ಲಾಕ್ ಶುರುವಾಗುತ್ತದೆ. ಲ್ಯಾಚ್ ಇನ್ನೂ ಎತ್ತರದಲ್ಲಿರುವಾಗಲೇ, ಅಂದರೆ ಅದರ ಪಲ್ಸ್ ಮುಗಿಯುವ ಮೊದಲೇ, ಒಂದು ಕ್ಲಾಕ್ ಪಲ್ಸ್ ಕೊಟ್ಟರೆ, ಅದನ್ನು ಮೌಸ್ 'ವೇಗದ ಮಟ್ಟ ಒಂದು ಹೆಜ್ಜೆ ಬದಲಿಸು' ಎಂಬ ಸೂಚನೆ ಎಂದು ತಿಳಿಯುತ್ತದೆ. ನಿಧಾನದಿಂದ ಮಧ್ಯಮಕ್ಕೆ, ಮಧ್ಯಮದಿಂದ ಜೋರಿಗೆ, ಜೋರಿನಿಂದ ಮತ್ತೆ ನಿಧಾನಕ್ಕೆ. ಬೇಕಾದ ಮಟ್ಟ ಬರುವ ತನಕ ಗೇಮ್ ಹೀಗೆ ಮಾಡಿ, ಆ ಎರಡು ಬಿಟ್ ಓದಿ ಖಚಿತ ಮಾಡಿಕೊಳ್ಳುತ್ತದೆ. ಒಂದು ತಂತಿ ಜಾಸ್ತಿ ಎಳೆಯದೆ, ಪ್ಲಗ್ ಬದಲಿಸದೆ ಎರಡು ಕಡೆಯ ಮಾತುಕತೆ ಸಾಧಿಸಿದ್ದು. ನನಗಂತೂ ಈ ಮೌಸ್‌ನಲ್ಲಿ ಬಹಳ ಇಷ್ಟವಾಗುವ ಭಾಗ ಇದೇ.

ಹಾಗಾದರೆ ಎಲ್ಲ ಗೇಮ್‌ನಲ್ಲೂ ಯಾಕಿಲ್ಲ?

ಈಗ ಮೊದಲಿನ ಪ್ರಶ್ನೆಗೆ ಹೋಗೋಣ. ಸೂಪರ್ ನಿಂಟೆಂಡೋದಲ್ಲಿ ಒಂದು ಅನುಕೂಲ ಇದೆ. ಗೇಮ್ ಬರೆಯುವವರು ರಿಮೋಟನ್ನು ತಾವೇ ಬಿಟ್ ಬಿಟ್ ಆಗಿ ಓದಬೇಕಾಗಿಲ್ಲ. ಪ್ರತಿ ಫ್ರೇಮ್, ಅಂದರೆ ಪರದೆ ಮೇಲೆ ಮೂಡುವ ಒಂದೊಂದು ಚಿತ್ರದ ಕೊನೆಯಲ್ಲಿ ಕನ್ಸೋಲ್ ತಾನೇ 16 ಬಿಟ್ ಓದಿ ಸಿದ್ಧವಾಗಿಡುತ್ತದೆ. ಈ ಕೆಲಸಕ್ಕೆ ಹಿಡಿಯುವ ಸಮಯ ಸುಮಾರು 0.2 ಮಿಲಿಸೆಕೆಂಡ್. ಬಹುಪಾಲು ಗೇಮ್‌ಗಳು ಇದನ್ನೇ ನೆಚ್ಚಿಕೊಂಡಿವೆ.

ಆದರೆ ಅದು 16ಕ್ಕೇ ನಿಲ್ಲುತ್ತದೆ. ಮೌಸ್ ಎಷ್ಟು ಸರಿಯಿತು ಎಂಬ ಮಾಹಿತಿ ಇರುವುದು ಉಳಿದ 16ರಲ್ಲಿ. ಅದನ್ನು ಗೇಮ್ ತಾನೇ ಒಂದೊಂದು ಬಿಟ್ ಆಗಿ ಎಳೆದುಕೊಳ್ಳಬೇಕು. ಹಾಗೆ ಮಾಡುವ ಸಾಲುಗಳನ್ನು ಪ್ರೋಗ್ರಾಮ್‌ನಲ್ಲಿ ಬರೆದಿದ್ದರೆ ಮಾತ್ರ ಕರ್ಸರ್ ಕದಲುತ್ತದೆ. ಬರೆಯದ ಗೇಮ್‌ಗೆ ನೀವು ಎಷ್ಟು ಒಳ್ಳೆಯ ಮೌಸ್ ತಂದು ಹಾಕಿದರೂ ಚಲನೆ ಕಾಣುವುದೇ ಇಲ್ಲ.

ಮತ್ತೆ ಕೆಲವು ಕಡೆ ಬಟನ್ ಮಾತ್ರ ಕೆಲಸ ಮಾಡುವುದು ಹೇಗೆ? ಮೇಲಿನ ಎರಡು ಪಟ್ಟಿಯನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ. ರಿಮೋಟ್‌ನ ಒಂಬತ್ತನೇ ಬಿಟ್ ಎ ಬಟನ್. ಮೌಸ್‌ನ ಒಂಬತ್ತನೇ ಬಿಟ್ ಬಲ ಬಟನ್. ರಿಮೋಟ್‌ನ ಹತ್ತನೆಯದು ಎಕ್ಸ್, ಮೌಸ್‌ನ ಹತ್ತನೆಯದು ಎಡ ಬಟನ್. ಗುರುತಿನ ನಾಲ್ಕು ಬಿಟ್ ನೋಡದೆ ಓದುವ ಗೇಮ್‌ಗೆ ನಿಮ್ಮ ಬಲ ಕ್ಲಿಕ್ ಎ ಬಟನ್‌ನಂತೆ, ಎಡ ಕ್ಲಿಕ್ ಎಕ್ಸ್ ಬಟನ್‌ನಂತೆ ಕಾಣುತ್ತದೆ. ವೇಗದ ಎರಡು ಬಿಟ್ ಎಲ್, ಆರ್ ಜಾಗಕ್ಕೆ ಬೀಳುವುದರಿಂದ, ಮಧ್ಯಮ ಇಲ್ಲವೇ ಜೋರು ಮಟ್ಟದಲ್ಲಿರುವ ಮೌಸ್ ಆ ಎರಡು ಬಟನ್‌ಗಳಲ್ಲಿ ಒಂದನ್ನು ಯಾವಾಗಲೂ ಒತ್ತಿ ಹಿಡಿದಂತೆಯೂ ಕಾಣಬಹುದು. ಗುರುತು ನೋಡುವ ಗೇಮ್ ಆದರೆ 'ಇದು ರಿಮೋಟ್ ಅಲ್ಲ' ಎಂದು ಪೂರ್ತಿ ಬಿಟ್ಟುಬಿಡುತ್ತದೆ. ಎರಡೂ ನಡವಳಿಕೆ ಸರಿಯೇ. ಮೌಸ್ ಕೆಟ್ಟಿಲ್ಲ.

ಮೌಸ್ ತಿಳಿಯುವ ಗೇಮ್‌ಗಳೂ ಕಡಿಮೆ ಏನಿಲ್ಲ. ಲೆಮ್ಮಿಂಗ್ಸ್ 2, ಸಿಮ್‌ಆಂಟ್, ಕ್ಯಾನನ್ ಫಾಡರ್, ಪಾಪ್ಯುಲಸ್ 2 ಇಂಥವು ಮೊದಲು ಕಂಪ್ಯೂಟರ್‌ನಲ್ಲಿ ಹುಟ್ಟಿ ಮನೆ ಕನ್ಸೋಲ್‌ಗೆ ಬಂದವು. ಅವಕ್ಕೆ ಮೌಸ್ ಸಹಜ. ಬ್ಯಾಟ್‌ನಲ್ಲಿ ಚೆಂಡು ಹೊಡೆದು ಇಟ್ಟಿಗೆ ಒಡೆಯುವ ಆರ್ಕನಾಯ್ಡ್ ಕೂಡ ಮೌಸ್‌ನಲ್ಲಿ ಆಡಿದರೇ ಚೆನ್ನ. ರಿಮೋಟ್‌ನ ಬಾಣದ ಬಟನ್ ಬ್ಯಾಟನ್ನು ಒಂದೇ ವೇಗದಲ್ಲಿ ಓಡಿಸುತ್ತದೆ, ಮೌಸ್ ನಿಮ್ಮ ಕೈಯ ವೇಗದಲ್ಲಿ ಓಡಿಸುತ್ತದೆ. 1994ರ ವುಲ್ಫೆನ್‌ಸ್ಟೈನ್ 3ಡಿಯಲ್ಲೂ ಮೌಸ್ ನಡೆಯುತ್ತದೆ. ಗೇಮ್ ಬಾಯ್ ಕ್ಯಾಸೆಟ್‌ಗಳನ್ನು ಟಿವಿಯಲ್ಲಿ ತೋರಿಸುವ ಸೂಪರ್ ಗೇಮ್ ಬಾಯ್ ಕೂಡ ಮೌಸ್ ಒಪ್ಪುತ್ತದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಪರದೆಯ ಸುತ್ತ ಇರುವ ಚೌಕಟ್ಟಿನ ಮೇಲೆ ಚಿತ್ರ ಬರೆಯಲು ಅದು ಒಳ್ಳೆಯದು.

ಮೌಸ್‌ಗೆಂದೇ ಹುಟ್ಟಿದ ಇನ್ನೊಂದು ಗೇಮ್ 1993ರ 'ಮಾರಿಯೋ ಆಂಡ್ ವಾರಿಯೋ'. ಮಾಡಿದ್ದು ಗೇಮ್ ಫ್ರೀಕ್, ಮುಂದೆ ಪೋಕೆಮಾನ್ ಮಾಡಿದ ಅದೇ ಕಂಪನಿ. ಇದು ಜಪಾನಿನಲ್ಲಿ ಮಾತ್ರ ಮಾರಾಟವಾಯಿತು. ಮಾರಿಯೋ ತಲೆ ಮೇಲೆ ಬಕೆಟ್ ಬಿದ್ದಿದೆ, ಕಣ್ಣು ಕಾಣದೆ ಸುಮ್ನೆ ಮುಂದೆ ನಡೆಯುತ್ತಾನೆ. ನೀವು ಮೌಸ್ ಹಿಡಿದು ಒಂದು ಪುಟ್ಟ ಯಕ್ಷಿಣಿಯನ್ನು ಹಾರಿಸುತ್ತಾ, ಅವನ ದಾರಿಯ ಕಟ್ಟೆಗಳನ್ನು ಕ್ಲಿಕ್ ಮಾಡಿ ಮೂಡಿಸಬೇಕು, ಅಳಿಸಬೇಕು. ರಿಮೋಟ್‌ನಲ್ಲಿ ಇದನ್ನು ಆಡುವುದು ಊಹಿಸಿಕೊಳ್ಳಲೂ ಆಗದು. ಬೇರೆ ಸಾಧನ ಕೈಗೆ ಬಂದಾಗ ಬೇರೆ ಥರದ ಆಟ ಹುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಆ ಕಾಲದಲ್ಲಿ ನನಗೆ ಕಾಣುವುದಿಲ್ಲ.

ಮೌಸ್ ಯಾವ ಪೋರ್ಟ್‌ಗೆ ಹಾಕಬೇಕು ಎಂಬುದನ್ನೂ ಗೇಮ್ ತೀರ್ಮಾನಿಸುತ್ತದೆ. ಮಾರಿಯೋ ಪೇಂಟ್‌ಗೆ 1ನೇ ಪೋರ್ಟ್. ಬೇರೆ ಗೇಮ್ ಒಂದರಲ್ಲಿ ಕರ್ಸರ್ ಕದಲದಿದ್ದರೆ ಕನ್ಸೋಲ್ ಆಫ್ ಮಾಡಿ, ಇನ್ನೊಂದು ಪೋರ್ಟ್‌ಗೆ ಹಾಕಿ ನೋಡಿ.

ಮನೆಯಲ್ಲಿರುವ ಕಂಪ್ಯೂಟರ್ ಮೌಸ್ ಹಾಕಬಹುದಾ?

ನೇರವಾಗಿ ಆಗುವುದಿಲ್ಲ. ಪ್ಲಗ್ ಬದಲಿಸಿ ತಂತಿ ಸೇರಿಸಿದರೂ ಆಗುವುದಿಲ್ಲ, ಯಾಕೆಂದರೆ ಎರಡೂ ಮಾತಾಡುವ ರೀತಿಯೇ ಬೇರೆ. ಮಧ್ಯೆ ಒಂದು ಮೈಕ್ರೋಕಂಟ್ರೋಲರ್ ಚಿಪ್ ಬೇಕು. ಅದು ಯುಎಸ್‌ಬಿ ಮೌಸ್‌ನ ಮಾತು ಕೇಳಿಸಿಕೊಂಡು, ಕನ್ಸೋಲ್ ಕೇಳಿದಾಗ ಮೇಲೆ ನೋಡಿದ 32 ಬಿಟ್ ತಯಾರು ಮಾಡಿ ಕೊಡಬೇಕು. ಇಂಥ ಅಡಾಪ್ಟರ್‌ಗಳು ಸಿಗುತ್ತವೆ. ಎಲೆಕ್ಟ್ರಾನಿಕ್ಸ್ ಹವ್ಯಾಸ ಇದ್ದರೆ ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಸಿಗುವ ಸಾಮಾನುಗಳಲ್ಲೇ ಮನೆಯಲ್ಲಿ ಮಾಡಿಕೊಳ್ಳಬಹುದು.

ಮಾಡಿಕೊಳ್ಳುವವರು ಎರಡು ಕಡೆ ಎಚ್ಚರ ಇಡಬೇಕು. ಒಂದು, ದಿಕ್ಕು ಬರೆಯುವ ರೀತಿ. ಯುಎಸ್‌ಬಿ ಮೌಸ್‌ಗೆ ಮೇಲಕ್ಕೆ 3 ಅಂದರೆ −3. ಅದನ್ನು ಎಂಟು ಬಿಟ್‌ನಲ್ಲಿ 11111101 ಎಂದು ಬರೆಯುತ್ತದೆ. ಸೂಪರ್ ನಿಂಟೆಂಡೋಗೆ ಅದೇ ಮಾತು 10000011 ಎಂದು ಬೇಕು. ಬದಲಿಸದೆ ಹಾಗೇ ಕಳಿಸಿದರೆ ಗೇಮ್ ಅದನ್ನು 'ಮೇಲಕ್ಕೆ 125' ಎಂದು ಓದುತ್ತದೆ. ಕೈ ಸ್ವಲ್ಪ ಅಲುಗಿದರೆ ಸಾಕು, ಕರ್ಸರ್ ಪರದೆಯ ಆ ತುದಿಗೆ ಹಾರಿಬಿಡುತ್ತದೆ. ಎರಡು, ಸೂಕ್ಷ್ಮತೆ. ಇವತ್ತಿನ ಸಾಧಾರಣ ಮೌಸ್ ಕೂಡ ಒಂದು ಇಂಚು ಸರಿದರೆ 800, 1000 ಎಣಿಕೆ ಕೊಡುತ್ತದೆ. ಪರದೆಯ ಅಗಲವೇ 256 ಚುಕ್ಕಿ ಅಲ್ವಾ? ಹಾಗೇ ಬಿಟ್ಟರೆ ಕಾಲು ಇಂಚು ಸರಿಸುವಷ್ಟರಲ್ಲಿ ಪರದೆ ಮುಗಿಯುತ್ತದೆ. ಚಿಪ್ ಆ ಎಣಿಕೆಯನ್ನು ಭಾಗಿಸಿ ಕೊಡಬೇಕು. ಭಾಗಿಸಿದ ಮೇಲೆ ಉಳಿಯುವ ಶೇಷವನ್ನು ಬಿಸಾಡಬಾರದು, ಮುಂದಿನ ಸಲಕ್ಕೆ ಸೇರಿಸಬೇಕು. ಇಲ್ಲದಿದ್ದರೆ ಮೆಲ್ಲಗೆ ಸರಿಸಿದಾಗ ಕರ್ಸರ್ ಕದಲುವುದೇ ಇಲ್ಲ. ಒಂದು ಫ್ರೇಮ್‌ಗೆ 127ಕ್ಕಿಂತ ಜಾಸ್ತಿ ಹೇಳಲು ಏಳು ಬಿಟ್‌ನಲ್ಲಿ ಜಾಗ ಇಲ್ಲ ಎಂಬುದೂ ನೆನಪಿರಲಿ.

ಹೊಸದಾಗಿ ಬೇರೆ ಕಂಪನಿಗಳು ಮಾಡಿ ಮಾರುವ ಸೂಪರ್ ನಿಂಟೆಂಡೋ ಮೌಸ್‌ಗಳೂ ಇವೆ. ಚೆಂಡಿನ ಬದಲು ಬೆಳಕಿನಿಂದ ಕೆಲಸ ಮಾಡುತ್ತವೆ, ಕೊಳೆ ಕಟ್ಟುವ ಗೋಳಿಲ್ಲ. ಚಿತ್ರ ಬರೆಯಲು ಚೆನ್ನಾಗಿವೆ. ಆದರೆ ಲ್ಯಾಚ್ ಎತ್ತರದಲ್ಲಿರುವಾಗ ಕ್ಲಾಕ್ ಕೊಡುವ ಆ ಸೂಚನೆಯನ್ನು ಇಂಥ ಕೆಲವು ಮೌಸ್‌ಗಳು ಕೇಳುವುದೇ ಇಲ್ಲ. ಗೇಮ್‌ನ ಮೆನುವಿನಲ್ಲಿ ವೇಗ ಬದಲಿಸಿದರೂ ಕರ್ಸರ್ ಹಾಗೇ ಓಡುತ್ತದೆ. ಕೊಳ್ಳುವ ಮುಂಚೆ ಇದೊಂದನ್ನು ಕೇಳಿ ತಿಳಿದುಕೊಳ್ಳಿ.

ಹಳೇ ಮೌಸ್ ಸರಿ ಮಾಡುವುದು

ಬಿಟ್‌ಗಳ ಲೆಕ್ಕ ಗೊತ್ತಿದ್ದರೆ ರಿಪೇರಿಯೂ ಅರ್ಧ ಮುಗಿದಂತೆ. ಕರ್ಸರ್ ಎಡ-ಬಲಕ್ಕೆ ಹೋಗುತ್ತದೆ, ಮೇಲೆ-ಕೆಳಗೆ ಹೋಗುವುದಿಲ್ಲ ಎಂದಿಟ್ಟುಕೊಳ್ಳಿ. ಕೇಬಲ್ ಕಿತ್ತಿರಬಹುದಾ? ಸಾಧ್ಯವಿಲ್ಲ. ಎರಡೂ ದಿಕ್ಕಿನ ಮಾಹಿತಿ ಒಂದೇ ಡೇಟಾ ತಂತಿಯಲ್ಲಿ ಬರುತ್ತದೆ. ಒಂದು ಬರುತ್ತಿದೆ ಎಂದರೆ ತಂತಿ ಸರಿ ಇದೆ. ತೊಂದರೆ ಇರುವುದು ಆ ದಿಕ್ಕಿನ ರೋಲರ್, ಚಕ್ರ ಅಥವಾ ಸೆನ್ಸರ್‌ನಲ್ಲಿ. ಬಹಳ ಸಲ ರೋಲರ್‌ಗೆ ಅಂಟಿದ ಕೊಳೆ ಅಷ್ಟೇ. ಬಟನ್ ಕೆಲಸ ಮಾಡುತ್ತದೆ, ಚಲನೆ ಯಾವ ಕಡೆಗೂ ಇಲ್ಲ ಅಂದರೆ ಚೆಂಡೇ ರೋಲರ್‌ಗಳಿಗೆ ಸರಿಯಾಗಿ ತಾಗುತ್ತಿಲ್ಲ ಎಂದು ಮೊದಲು ಅನುಮಾನಿಸಿ. ಬಟನ್ನೂ ಇಲ್ಲ, ಚಲನೆಯೂ ಇಲ್ಲ, ಗೇಮ್ ಮೌಸನ್ನೇ ಗುರುತಿಸುತ್ತಿಲ್ಲ ಅಂದರೆ ಆಗ ಕೇಬಲ್ ನೋಡಿ. ಕೇಬಲ್ ಮೌಸ್ ಒಳಗೆ ಹೋಗುವ ಬಾಯಿಯ ಹತ್ತಿರ ಬಗ್ಗಿ ಬಗ್ಗಿ ಒಳಗಿನ ತಂತಿ ತುಂಡಾಗಿರುತ್ತದೆ. ಮಲ್ಟಿಮೀಟರ್ ಇಟ್ಟು ಐದೂ ತಂತಿಯನ್ನು ಒಂದೊಂದಾಗಿ ಪರೀಕ್ಷಿಸಬೇಕು.

ಕೊಳೆ ತೆಗೆಯಲು ಕೆಳಗಿನ ಬಿಲ್ಲೆ ತಿರುಗಿಸಿ ಚೆಂಡು ಹೊರಗೆ ತೆಗೆಯಿರಿ. ಚೆಂಡನ್ನು ಸೋಪಿನ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ. ರೋಲರ್‌ಗೆ ಹತ್ತಿ ಕಡ್ಡಿಯಲ್ಲಿ ಸ್ವಲ್ಪ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಉಜ್ಜಿ. ಮೊಬೈಲ್ ರಿಪೇರಿ ಮಾಡುವವರು ಬಳಸುವುದು ಅದನ್ನೇ. ಬ್ಲೇಡಿನಿಂದ ಕೆರೆಯಬೇಡಿ. ರೋಲರ್ ಮೇಲೆ ಗೀರು ಬಿದ್ದರೆ ಆಮೇಲೆ ಕೊಳೆ ಅಲ್ಲೇ ಬೇಗ ಕಟ್ಟುತ್ತದೆ.

ಅಮೆರಿಕದಲ್ಲೋ ಜಪಾನಿನಲ್ಲೋ ಇರುವ ನೆಂಟರು ಕನ್ಸೋಲನ್ನೇ ತಂದುಕೊಟ್ಟರೆ ಮೌಸ್‌ಗಿಂತ ಮೊದಲು ಪವರ್ ಅಡಾಪ್ಟರ್ ನೋಡಿ. ಅಮೆರಿಕದ ಅಡಾಪ್ಟರ್ 120 ವೋಲ್ಟ್‌ಗೆ, ಜಪಾನಿನದು 100 ವೋಲ್ಟ್‌ಗೆ ಮಾಡಿದ್ದು. ನಮ್ಮ 230 ವೋಲ್ಟ್ ಪ್ಲಗ್‌ಗೆ ನೇರ ಹಾಕಿದರೆ ಸುಟ್ಟುಹೋಗುತ್ತದೆ. ಆ ಎರಡು ದೇಶದ ಕನ್ಸೋಲ್‌ಗೆ ಬೇಕಾದದ್ದು 10 ವೋಲ್ಟ್ ಡಿಸಿ. ಯುರೋಪಿನದಕ್ಕೆ ಬೇಕಾದದ್ದು 9 ವೋಲ್ಟ್ ಎಸಿ. ಒಂದರದ್ದು ಇನ್ನೊಂದಕ್ಕೆ ಹಾಕುವಂತಿಲ್ಲ.

ಟಿವಿ, ನಕಲು ಕನ್ಸೋಲ್, ಎಮ್ಯುಲೇಟರ್

ಇದೇ ಕನ್ಸೋಲ್‌ಗೆ ಸೂಪರ್ ಸ್ಕೋಪ್ ಎಂಬ ಗನ್ ಕೂಡ ಇತ್ತು. ಅದು ಇವತ್ತಿನ ಎಲ್‌ಇಡಿ ಟಿವಿಯಲ್ಲಿ ಕೆಲಸ ಮಾಡುವುದಿಲ್ಲ. ಹಳೇ ಪಿಕ್ಚರ್ ಟ್ಯೂಬಿನ ಮೇಲೆ ಬೆಳಕು ಗೆರೆ ಗೆರೆಯಾಗಿ ಓಡುವ ಕ್ಷಣವನ್ನು ಅದು ಹಿಡಿಯಬೇಕು. ಮೌಸ್‌ಗೆ ಆ ತೊಂದರೆ ಇಲ್ಲ. ಟಿವಿ ಕಡೆಗೆ ಅದು ನೋಡುವುದೇ ಇಲ್ಲ. ಯಾವ ಟಿವಿಯಾದರೂ ನಡೆಯುತ್ತದೆ. ಆದರೆ ಹೊಸ ಟಿವಿಗಳು ಹಳೇ ಸಿಗ್ನಲ್ ಹಿಗ್ಗಿಸಿ ತೋರಿಸಲು ಸ್ವಲ್ಪ ಸಮಯ ತೆಗೆದುಕೊಳ್ಳುತ್ತವೆ. ರಿಮೋಟ್‌ನಲ್ಲಿ ಆಡುವಾಗ ಗಮನಕ್ಕೆ ಬಾರದಷ್ಟು ತಡವೂ ಮೌಸ್‌ನಲ್ಲಿ ಗೊತ್ತಾಗುತ್ತದೆ, ಯಾಕೆಂದರೆ ಕೈ ಮತ್ತು ಕರ್ಸರ್ ಒಟ್ಟಿಗೆ ಹೋಗಬೇಕೆಂದು ಕಣ್ಣು ಬಯಸುತ್ತದೆ. ಟಿವಿಯ ಗೇಮ್ ಮೋಡ್ ಆನ್ ಮಾಡಿ. ನೊಣ ಹೊಡೆಯುವ ಆಟದಲ್ಲಿ ವ್ಯತ್ಯಾಸ ಕೂಡಲೇ ಕಾಣುತ್ತದೆ.

ನಮ್ಮ ಊರುಗಳಲ್ಲಿ ಸೂಪರ್ ನಿಂಟೆಂಡೋ ಇದ್ದ ಮನೆಗಳು ಕಡಿಮೆ. ನಾವು ಟಿವಿ ಗೇಮ್ ಎಂದು ಆಡಿದ್ದು ಹೆಚ್ಚಾಗಿ ಅದಕ್ಕೂ ಹಿಂದಿನ ಫ್ಯಾಮಿಕಾಮ್‌ನ ನಕಲುಗಳನ್ನು. ಆಮೇಲಾಮೇಲೆ ಕೀಬೋರ್ಡ್ ಆಕಾರದ ಟಿವಿ ಗೇಮ್‌ಗಳೂ ಮಾರುಕಟ್ಟೆಗೆ ಬಂದವು. 'ಮಕ್ಕಳು ಕಂಪ್ಯೂಟರ್ ಕಲಿಯುತ್ತಾರೆ' ಎಂದು ಅಪ್ಪ-ಅಮ್ಮಂದಿರು ಕೊಡಿಸುತ್ತಿದ್ದರು. ಅಂಥ ಕೆಲವು ಪೆಟ್ಟಿಗೆಗಳಲ್ಲಿ ಮೌಸ್ ಕೂಡ ಇರುತ್ತಿತ್ತು. ಅದು ಕಳಿಸುವ ಬಿಟ್‌ಗಳ ಜೋಡಣೆ ಸೂಪರ್ ನಿಂಟೆಂಡೋದಂತೆ ಇರುವುದಿಲ್ಲ, ಆದ್ದರಿಂದ ಅದನ್ನು ಇದಕ್ಕೆ, ಇದನ್ನು ಅದಕ್ಕೆ ಹಾಕಲು ಬರುವುದಿಲ್ಲ. ಸೂಪರ್ ನಿಂಟೆಂಡೋದ ಮೌಸನ್ನು ಮಾತ್ರ ಪ್ಲಗ್ ಬದಲಿಸುವ ಸಣ್ಣ ಅಡಾಪ್ಟರ್ ಮೂಲಕ ಹಿಂದಿನ 8 ಬಿಟ್ ನಿಂಟೆಂಡೋಗೂ (ಫ್ಯಾಮಿಕಾಮ್‌ನ ಅಮೆರಿಕ, ಯುರೋಪ್ ರೂಪಕ್ಕೂ) ಸೇರಿಸಬಹುದು. ಎರಡರಲ್ಲೂ ಲ್ಯಾಚ್, ಕ್ಲಾಕ್ ಪದ್ಧತಿ ಒಂದೇ. ಹವ್ಯಾಸಿಗಳು ಹೊಸದಾಗಿ ಬರೆದ 'ಥ್ವೇಟ್' ಥರದ ಗೇಮ್‌ಗಳು ಅದನ್ನು ಗುರುತಿಸುತ್ತವೆ.

ಬೇರೆ ಕನ್ಸೋಲ್‌ಗಳಿಗೂ ಮೌಸ್ ಬಂದವು. ಸೆಗಾದ ಮೆಗಾ ಡ್ರೈವ್‌ಗೆ ಬಂತು. 1994ರ ಡಿಸೆಂಬರ್ 3ರಂದು ಜಪಾನಿನಲ್ಲಿ ಪ್ಲೇಸ್ಟೇಷನ್ ಬಿಡುಗಡೆಯಾದ ದಿನವೇ ಅದರ ಮೌಸೂ ಬಂತು. ಡ್ರೀಮ್‌ಕಾಸ್ಟ್‌ನಲ್ಲಿ ಕ್ವೇಕ್ 3 ಆಡಲು ಮೌಸ್, ಕೀಬೋರ್ಡ್ ಎರಡೂ ಇದ್ದವು. ಪ್ರತಿಯೊಂದರ ಬಿಟ್‌ಗಳ ಜೋಡಣೆ ಬೇರೆ. ಆದರೆ 'ಹಿಂದಿನ ಸಲದಿಂದ ಇಷ್ಟು ಸರಿದೆ' ಎನ್ನುವ ಮೂಲ ಮಾತು ಎಲ್ಲದರಲ್ಲೂ ಒಂದೇ.

ಹಳೇ ಯಂತ್ರ ಹುಡುಕುವ ತಾಪತ್ರಯ ಬೇಡ ಎನ್ನುವವರಿಗೆ 2025ರಲ್ಲಿ ಒಳ್ಳೆಯದಾಯಿತು. ಮಾರಿಯೋ ಪೇಂಟ್, ನಿಂಟೆಂಡೋದ ಹೊಸ ಕನ್ಸೋಲ್‌ಗಳ ಚಂದಾ ಸೇವೆಯಾದ ನಿಂಟೆಂಡೋ ಸ್ವಿಚ್ ಆನ್‌ಲೈನ್‌ಗೆ ಬಂತು. ಸ್ವಿಚ್ 2 ಕನ್ಸೋಲ್‌ನ ಜಾಯ್-ಕಾನ್ ರಿಮೋಟನ್ನು ಪಕ್ಕಕ್ಕೆ ತಿರುಗಿಸಿ ಮೇಜಿನ ಮೇಲೆ ಸರಿಸಿದರೆ ಅದೇ ಮೌಸ್ ಆಗುತ್ತದೆ. ಒಳಗೆ ಓಡುತ್ತಿರುವುದು 1992ರ ಅದೇ ಪ್ರೋಗ್ರಾಮ್. ಅದು ಎಂದಿನಂತೆ 0001 ಗುರುತು ಇದೆಯಾ ಎಂದು ನೋಡುತ್ತದೆ, ಇದೆ ಎಂದು ಉತ್ತರ ಬರಬೇಕು, ಆಮೇಲೆ ಉಳಿದ 16 ಬಿಟ್ ಸಿಗಬೇಕು. ಕಂಪ್ಯೂಟರ್‌ನಲ್ಲಿ bsnes, ಸ್ನೆಸ್9ಎಕ್ಸ್ ಥರದ ಎಮ್ಯುಲೇಟರ್, ಅಂದರೆ ಹಳೇ ಕನ್ಸೋಲನ್ನು ಅನುಕರಿಸುವ ಪ್ರೋಗ್ರಾಮ್, ಬಳಸುವವರು ಸೆಟ್ಟಿಂಗ್‌ನಲ್ಲಿ 1ನೇ ಪೋರ್ಟ್‌ಗೆ ರಿಮೋಟ್ ಬದಲು ಮೌಸ್ ಆರಿಸಿಕೊಳ್ಳಬೇಕು. ಅದನ್ನು ಆರಿಸದಿದ್ದರೆ ಎಮ್ಯುಲೇಟರ್ 0000 ಎಂದೇ ಕಳಿಸುತ್ತಿರುತ್ತದೆ, ಮಾರಿಯೋ ಪೇಂಟ್ ಮೌಸ್‌ಗಾಗಿ ಕಾಯುತ್ತಲೇ ಇರುತ್ತದೆ.